ಎಕ್ಸ್‌ರೇ ಪೆಟ್ಟಿಗೆ ಹುಡುಕಿಕೊಂಡು ಹೋದದ್ದು

ಆಕಾಶ ನೋಡುವ ಕೆಲಸದಲ್ಲಿ ತಮಾಷೆಗಳೆಲ್ಲ ನಡೆಯುವುದು ನೆಲದ ಮೇಲೆ. ನ್ಯೂಟ್ರಾನ್ ನಕ್ಷತ್ರ ಇರುವ ಕೆಲವು ಜೋಡಿ ನಕ್ಷತ್ರಗಳು ಇದ್ದಕ್ಕಿದ್ದಂತೆ ಎಕ್ಸ್‌ರೇ ಕಾರುತ್ತವೆ. ಆ ಕಿರಣ ನಮ್ಮ ಗಾಳಿಯನ್ನು ದಾಟಿ ಕೆಳಗೆ ಬರುವುದಿಲ್ಲ. ಅದಕ್ಕೇ ಎಪ್ಪತ್ತರ ದಶಕದಲ್ಲಿ ನಾವು ಹೈದರಾಬಾದಿನಿಂದ ದೊಡ್ಡ ಬಲೂನಿಗೆ ಯಂತ್ರದ ಪೆಟ್ಟಿಗೆ ಕಟ್ಟಿ ಮೇಲೆ ಕಳಿಸುತ್ತಿದ್ದೆವು. ನೋಡುವುದು ಮುಗಿದ ಮೇಲೆ ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತಿತ್ತು. ಎಲ್ಲಿ ಅನ್ನುವುದು ಗಾಳಿಯ ಇಷ್ಟ. ಗಾಳಿಗೆ ಯಾಕೋ ನಾನು ಹುಟ್ಟಿದ ಮಧುಗಿರಿಯ ಸುತ್ತಮುತ್ತ ಬಲು ಪ್ರೀತಿ.

೧. ಕೆಸರು

ಪೆಟ್ಟಿಗೆಯೊಳಗಿನ ಯಂತ್ರ ಜೋಡಿಸಿದವಳು ನಾನು. ಬಿದ್ದ ಮೇಲೆ ತರಲು ಮಾತ್ರ ಗಂಡಸರೇ ಹೋಗಬೇಕು ಅಂತ ನಮ್ಮ ಸಾಹೇಬರು.

"ಹಳ್ಳಿ ರಸ್ತೆ, ನಿಮ್ಮ ಕೈಲಿ ಆಗಲ್ಲಮ್ಮ."

"ನನ್ನ ಯಂತ್ರ ಸಾರ್, ನಾನೇ ತರ್ತೀನಿ" ಅಂತ ಜೀಪಿನ ಮುಂದಿನ ಸೀಟಿನಲ್ಲಿ ಕೂತೆ. ಎಷ್ಟು ಹೇಳಿದರೂ ಇಳಿಯಲಿಲ್ಲ.

ಕಳ್ಳಂಬೆಳ್ಳದ ಕೆರೆ ಹತ್ತಿರ ಜೀಪು ಹೂತುಕೊಂಡಿತು. ಡ್ರೈವರೂ ಸಾಹೇಬರೂ ಹಿಂದಿನಿಂದ ತಳ್ಳಲು ಹೋದರು. ಸ್ಟೀರಿಂಗ್ ಹಿಡಿಯಲು ಉಳಿದವಳು ನಾನೊಬ್ಬಳೇ. ಆಕ್ಸಿಲರೇಟರ್ ಒತ್ತಿದೆ. ಜೀಪು ಮುಂದೆ ಬಂತು, ಕೆಸರು ಹಿಂದೆ ಹೋಯಿತು.

ಸಾಹೇಬರು ಮುಖ ಒರೆಸಿಕೊಳ್ಳುತ್ತಾ, "ನಾನು ಮೊದಲೇ ಹೇಳಿರಲಿಲ್ವಾ?" ಅಂದರು.

"ಹೇಳಿದ್ರಿ ಸಾರ್. ಆದ್ರೆ ನನಗೇನೂ ಆಗಿಲ್ಲ."

೨. ಮಂಡಿ

ಇನ್ನೊಂದು ಸಲ ಶಿರಾ ಹತ್ತಿರ ಬಿತ್ತು. ಪೆಟ್ಟಿಗೆ ಮೇಲೆ "ಎಕ್ಸ್‌ರೇ ಯಂತ್ರ, ಮುಟ್ಟಬೇಡಿ" ಅಂತ ನಾನೇ ಬರೆದಿದ್ದೆ. ಊರಿನವರು ಅದನ್ನು ಗಾಡಿಯಲ್ಲಿ ಹೇರಿ ತಂದು ಶಾಲೆಯ ಜಗುಲಿಯಲ್ಲಿ ಇಟ್ಟಿದ್ದರು. ಎದುರಿಗೆ ಜನ ಸಾಲಾಗಿ ನಿಂತಿದ್ದರು. ಮೊದಲಿಗೆ ಒಬ್ಬ ಅಜ್ಜಿ, ಸೀರೆ ಮಂಡಿಗೆ ಏರಿಸಿ ಕೂತಿದ್ದಳು.

"ಅಜ್ಜಿ, ಇದು ಮಂಡಿ ನೋಡಲ್ಲ. ನಕ್ಷತ್ರದಿಂದ ಬರೋ ಎಕ್ಸ್‌ರೇ ನೋಡ್ತೈತೆ."

"ಅಷ್ಟು ದೂರದ್ದು ಕಾಣ್ತೈತೆ, ಇಲ್ಲೇ ಇರೋ ಮಂಡಿ ಕಾಣಾಕಿಲ್ವಾ? ನಾ ಏಳಾಕಿಲ್ಲ ಕಣಮ್ಮ."

ಏಳಲೂ ಇಲ್ಲ. ಕೊನೆಗೆ ಜೀಪಿನಲ್ಲಿ ಪೆಟ್ಟಿಗೆಯ ಪಕ್ಕ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ನೋಡಿ, "ಮೂಳೆ ಚೆನ್ನಾಗೇ ಇದೆ" ಅಂದರು.

ಅಜ್ಜಿ ನನ್ನ ಕಡೆ ತಿರುಗಿ, "ಇಲ್ಲಿಗ್ಯಾಕೆ ಕರ್ಕೊಂಡ್ ಬಂದೆ? ದಾರೀಲೇ ಆ ಪೆಟ್ಟಿಗೆ ವಾಸಿ ಮಾಡ್ಬುಟ್ಟಿತ್ತು" ಅಂದಳು.

೩. ಅತ್ತೆ, ಸೊಸೆ

ಪಾವಗಡದ ಬಲಸಮುದ್ರದ ಬಯಲಿನಲ್ಲಿ ಅತ್ತೆ ಸೊಸೆ ಕುರಿ ಮೇಯಿಸುತ್ತಿದ್ದರು. ಸೊಸೆ ನಮ್ಮ ಪೆಟ್ಟಿಗೆಯ ಮೇಲೇ ಕೂತಿದ್ದಳು.

"ಏಳಮ್ಮ, ಸರ್ಕಾರಿ ಸಾಮಾನು" ಅಂದರು ಸಾಹೇಬರು.

"ಇದು ಬಿದ್ದು ಕುರಿಯೆಲ್ಲ ಚೆಲ್ಲಾಪಿಲ್ಲಿ ಆದೊ. ಓಡಿ ಓಡಿ ಕೂಡಾಕಿವ್ನಿ. ಏನ್ ಮಾಡ್ತೈತೆ ಇದು, ಅದು ಹೇಳಿ. ಅಲ್ಲೀಗಂಟ ಏಳೋದು ಲೇದು."

"ಅದೆಲ್ಲ ನಿನಗೆ ಅರ್ಥ ಆಗಲ್ಲ."

ಅವಳು ಕಾಲ ಮೇಲೆ ಕಾಲು ಹಾಕಿಕೊಂಡಳು. ಆ ಮಾತು ನಾನೂ ಬೇಕಾದಷ್ಟು ಕೇಳಿದ್ದೆ. ಅವಳೆದುರು ನೆಲದ ಮೇಲೆ ಕೂತು ಹೇಳಿದೆ:

"ಮೇಲೆ ಎರಡು ನಕ್ಷತ್ರ ಜೊತೇಲಿ ಇರ್ತವೆ. ಒಂದು ದೊಡ್ಡದು. ಇನ್ನೊಂದು ಸಣ್ಣಕ್ಕೆ ಮುದುಡಿಕೊಂಡಿರೋದು, ಆದ್ರೆ ಸೆಳೆತ ಜೋರು. ಅದು ದೊಡ್ಡದರ ಮೈಯಿಂದ ಎಳ್ಕೊಂಡು ತಿಂತಾನೇ ಇರ್ತೈತೆ. ನೋಡಾಕೆ ಸುಮ್ನೆ ಕೂತಂಗೆ ಕಾಣ್ತೈತೆ. ಒಂದಿನ ಧಗ್ ಅಂತ ಉರಿದೇಳ್ತೈತೆ. ಅದನ್ನ ನೋಡಾಕೇ ಈ ಪೆಟ್ಟಿಗೆ."

ಸೊಸೆ ಅತ್ತೆಯ ಕಡೆ ನೋಡಿದಳು. ದನಿ ಒಂದಿಷ್ಟೂ ತಗ್ಗಿಸದೆ, "ಇದ ನೋಡಾಕೆ ಅಷ್ಟು ಮೇಲಕ್ಯಾಕೆ ಹೋಗಿದ್ರಿ? ನಮ್ಮನೇಗೆ ಬಂದಿದ್ರೆ ಆಗ್ತಿತ್ತು" ಅಂದು ಪೆಟ್ಟಿಗೆಯಿಂದ ಎದ್ದಳು.

ಸಾಹೇಬರು ಕೆಮ್ಮಿದರು. ಬೆನ್ನು ಬಾಗಿದ ಅತ್ತೆ ಕೋಲೂರಿಕೊಂಡು ನನ್ನ ಹತ್ತಿರ ಬಂದಳು.

"ಅವಳು ಇನ್ನೂ ತಿನ್ನೋದಷ್ಟೇ ನೋಡವ್ಳೆ ಕಣಮ್ಮ. ಉರಿದೇಳೋದು ಇವತ್ತು ಮನೇಗೋದ್ಮೇಲೆ ಐತೆ. ಪೆಟ್ಟಿಗೆ ಇಲ್ಲೇ ಬುಟ್ಟೋಗು."