ರುಖವತದ ರೈಲಿಗೆ ಕೊಂಡಿ

ಗೊತ್ತಿಲ್ಲ ಎಂದು ಹೇಳುವುದು ಸುಲಭ ಎಂದು ತಿಳಿದವರು ನಾಲ್ಕು ದಿನವಾದರೂ ಮಾಸ್ತರಿಕೆ ಮಾಡಿ ನೋಡಬೇಕು. ಹದಿನೈದು ವರ್ಷ ಕರಿಹಲಗೆಯ ಮುಂದೆ ನಿಂತವನಿಗೆ ಆ ಮಾತು ನಾಲಿಗೆಯ ತನಕ ಬರುವುದೇ ಇಲ್ಲ. ಗಂಟಲಲ್ಲಿ ಸಿಕ್ಕಿಕೊಂಡು ಒಂದು ಕೆಮ್ಮಾಗಿ ಹೊರಬೀಳುತ್ತದೆ. ಕೆಮ್ಮು ಮುಗಿಯುವಷ್ಟರಲ್ಲಿ ಏನಾದರೊಂದು ಉತ್ತರ ಹೊಳೆದಿರುತ್ತದೆ. ಅದು ಸರಿಯೋ ತಪ್ಪೋ ಎಂದು ಕೇಳುವವರು ಸಾಲೆಯಲ್ಲಿ ಇರುವುದಿಲ್ಲ, ಮನೆಯಲ್ಲಿ ಇರುತ್ತಾರೆ. ನಾನು ಕೆಮ್ಮಿದ ಕೂಡಲೇ ನನ್ನ ಹೆಂಡತಿ ಪಾರ್ವತಿ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಮುಖ ನೋಡುತ್ತಾಳೆ. ಅವಳು ಏನೂ ಅನ್ನುವುದಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಈ ದುರ್ಗುಣದಿಂದಾಗಿಯೇ ನಾನು ಕುಷ್ಟಗಿಯಲ್ಲಿ ರೈಲಿನ ಪಂಡಿತನಾದೆ. ನಮ್ಮ ಊರಿಗೆ ರೈಲು ಇಲ್ಲ. ರೈಲು ನೋಡಬೇಕೆಂದರೆ ಮೋಟಾರಿನಲ್ಲಿ ಮೈಯ ಕೀಲೆಲ್ಲ ಕಳಚಿಸಿಕೊಂಡು ಕೊಪ್ಪಳಕ್ಕೆ ಹೋಗಬೇಕು. ನಾನು ಅಂಥ ಸಾಹಸ ಮಾಡಿ ಕೊಪ್ಪಳದಿಂದ ಗದಗಿಗೆ ಮೂರು ಸಲ ರೈಲಿನಲ್ಲಿ ಕುಳಿತು ಹೋದವನು. ಅದೂ ಅಲ್ಲದೆ, ಸಾಲೆಯಲ್ಲಿ ನಾನು ಕಲಿಸುತ್ತಿದ್ದದ್ದು ಗಣಿತ. ಗದಗಿನಿಂದ ಒಂದು ಗಾಡಿ ಹೊರಟಿತು, ಹೊಸಪೇಟೆಯಿಂದ ಇನ್ನೊಂದು ಹೊರಟಿತು, ಎರಡೂ ಎಲ್ಲಿ ಕೂಡುತ್ತವೆ ಎಂಬ ಲೆಕ್ಕವನ್ನು ಕನ್ನಡದಲ್ಲಿ ಯೋಚಿಸಿ, ಸರಕಾರಿ ಸಾಲೆಯ ಭಾಷೆಯಾದ ಉರ್ದುವಿನಲ್ಲಿ ಬಿಡಿಸುವುದು ನನ್ನ ನಿತ್ಯದ ಕಾಯಕವಾಗಿತ್ತು. ಇರುವ ಒಂದೇ ಹಳಿಯ ಮೇಲೆ ಎರಡೂ ಗಾಡಿ ಎದುರುಬದುರು ಕೂಡಿದರೆ ಏನಾಗುತ್ತದೆ ಎಂದು ಪುಸ್ತಕವೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆದರೂ ಊರಿನಲ್ಲಿ ರೈಲಿನ ಮಾತು ಬಂದರೆ ಜನ ನನ್ನ ಕಡೆ ತಿರುಗುತ್ತಿದ್ದರು. ನಾನು ಕೆಮ್ಮುತ್ತಿದ್ದೆ.

ಯುದ್ಧ ನಡೆದಿದ್ದ ಕಾಲ. ನನ್ನ ತಂಗಿ ನೀಲಾಳಿಗೆ ಕೊಪ್ಪಳದ ಸಂಬಂಧ ಕೂಡಿಬಂತು. ವರನ ತಂದೆ ಈರಪ್ಪನವರು ಕೊಪ್ಪಳ ಠೇಶನ್ನಿನಲ್ಲಿ ಜಮಾದಾರರು. ಮಾಲಗಾಡಿಯ ಡಬ್ಬಿಗಳನ್ನು ಕೂಡಿಸುವುದು, ಬಿಡಿಸುವುದು ಅವರ ಕೆಲಸ. ನಿಶ್ಚಯದ ದಿನ ನಮ್ಮ ಪಡಸಾಲೆಯಲ್ಲಿ ಎರಡು ತಾಸು ಕುಳಿತು ನಾಲ್ಕು ಮಾತು ಆಡಿದ ಮನುಷ್ಯ. ಅದರಲ್ಲಿ ಎರಡು ಮಾತು ನೀರು ಕೇಳಿದ್ದು. ಅವರು ಹೋದ ಮೇಲೆ ನನ್ನ ಎದೆಯಲ್ಲಿ ಒಂದು ಅಳುಕು ಉಳಿಯಿತು. ಮಾತಾಡದ ಬೀಗರು ಎಲ್ಲವನ್ನೂ ನೋಡುತ್ತಾರೆ ಎಂದು ಕೇಳಿ ಬಲ್ಲೆ.

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಮನೆಯವರು ಬೀಗರ ಮುಂದೆ ರುಖವತ ಇಡುತ್ತಾರೆ. ಉಂಡಿ, ಚಕ್ಕುಲಿ, ಕಸೂತಿ, ಮಣಿಯ ಕೆಲಸ ಹೀಗೆ ಹುಡುಗಿಯ ಕೈಯಲ್ಲಿ ಏನೇನು ವಿದ್ಯೆ ಇದೆಯೋ ಅದೆಲ್ಲವನ್ನೂ ತಾಟುಗಳಲ್ಲಿ ತುಂಬಿ, ಬೀಗಿತ್ತಿಯರು ಮೂಗು ಮುರಿಯಲು ಅನುಕೂಲವಾಗುವಂತೆ ಸಾಲಾಗಿ ಜೋಡಿಸುತ್ತಾರೆ. ನೀಲಾಳಿಗೆ ತಾಟು ಬೇಡವಾಯಿತು. ರೈಲಿನವರ ಮನೆಗೆ ಹೋಗುವವಳು, ರುಖವತವನ್ನು ರೈಲಿನಲ್ಲೇ ಕಳಿಸುತ್ತೇನೆ ಎಂದಳು. ಒಂದು ಎಂಜಿನ್ನು, ಅದರ ಹಿಂದೆ ಏಳು ಡಬ್ಬಿ. ಒಂದರಲ್ಲಿ ಶೇಂಗಾ ಉಂಡಿ, ಒಂದರಲ್ಲಿ ಎಳ್ಳುಂಡಿ, ಒಂದರಲ್ಲಿ ಕರ್ಚಿಕಾಯಿ. ಸಕ್ಕರೆ ಕಣ್ಣಿಗೆ ಬೀಳದ ಕಾಲವಾದ್ದರಿಂದ ಎಲ್ಲಕ್ಕೂ ಬೆಲ್ಲವೇ. ಡಬ್ಬಿಗಳ ಮೇಲೆ ಅವಳೇ ಹಾಕಿದ ಕಸೂತಿಯ ಹೊದಿಕೆ. ರೈಲು ಹಂದರದ ಬಾಗಿಲಿನಿಂದ ಹೊರಟು, ಒಂದು ತಿರುವು ತಿರುಗಿ, ಅತ್ತೆಯ ಮುಂದೆ ನಿಲ್ಲಬೇಕು. ಆಮೇಲೆ ಡಬ್ಬಿ ಬಿಡಿಸಿ, ಬೀಗರ ಮನೆಯ ಏಳು ಹಿರಿಯ ಹೆಂಗಸರಿಗೆ ಒಂದೊಂದು ಕೊಡಬೇಕು. ಎಂಜಿನ್ನು ಮಾವನಿಗೆ. ಇದಕ್ಕಾಗಿ ಅವಳು ನಾಲ್ಕು ತಿಂಗಳು ಸೂಜಿ ಕೆಳಗಿಟ್ಟಿರಲಿಲ್ಲ. ತಾಯಿಯಿಲ್ಲದ ಹುಡುಗಿಗೆ ಏನು ಬಂದೀತು ಎಂದು ಯಾರೋ ಅಂದದ್ದು ಅವಳ ಕಿವಿಗೆ ಬಿದ್ದಿತ್ತಂತೆ. ಹಾಗೆ ಅಂದವರು ಬೀಗರ ಕಡೆಯವರೇ ಎಂದು ನನಗೆ ಆಮೇಲೆ ತಿಳಿಯಿತು.

ಎಂಜಿನ್ನು ಮತ್ತು ಮೂರು ಡಬ್ಬಿಗಳನ್ನು ಕಿನ್ನಾಳದ ಗೊಂಬೆ ಮಾಡುವವರಿಂದ ತರಿಸಿದೆವು. ಬೆಂಡಿನಂತೆ ಹಗುರ, ಬಣ್ಣ ನೋಡಿದರೆ ಹಸಿವೆ ಮರೆಯಬೇಕು. ಉಳಿದ ನಾಲ್ಕನ್ನು ನಮ್ಮ ಊರ ಬಡಿಗೇರ ಮಾಡಿಕೊಟ್ಟ. ಅವನ ಜೀವಮಾನವೆಲ್ಲ ಕುಂಟೆ, ಕೂರಿಗೆ, ಚಕ್ಕಡಿಯಲ್ಲೇ ಕಳೆದದ್ದರಿಂದ ಆ ಡಬ್ಬಿಗಳಲ್ಲಿ ಜೋಳದ ಚೀಲವನ್ನೇ ಹೇರಬಹುದಾಗಿತ್ತು. ಒಂದಕ್ಕೊಂದನ್ನು ಕೂಡಿಸುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಮನೆಯವರೆಲ್ಲ ನನ್ನ ಕಡೆ ನೋಡಿದರು. ಅದೇನು ದೊಡ್ಡ ಮಾತು, ಕೊಂಡಿಯ ಕೆಲಸ ನನಗೆ ಬಿಡಿರಿ ಎಂದೆ. ಪಾರ್ವತಿ ಮೊರದಿಂದ ತಲೆಯೆತ್ತಿದಳು. ನಾನು ಕೆಮ್ಮಿರಬೇಕು.

ಮೊದಲು ಕೆಂಪು ಉಣ್ಣೆಯ ದಾರ ಕಟ್ಟಿದೆ. ಎಳೆದಾಗ ರೈಲು ಚೆನ್ನಾಗಿಯೇ ಹೊರಟಿತು. ನಿಲ್ಲಿಸಿದಾಗ ಮಾತ್ರ ಎಂಜಿನ್ನು ನಿಂತಿತು, ಡಬ್ಬಿಗಳು ನಿಲ್ಲಲಿಲ್ಲ. ಬಡಿಗೇರನ ಡಬ್ಬಿಗಳು ಕಿನ್ನಾಳದ ಡಬ್ಬಿಗಳಿಗೆ ಗುದ್ದಿ, ಒಂದರ ಬಣ್ಣ ಎದ್ದುಹೋಯಿತು. ದಾರಕ್ಕೆ ಎಳೆಯುವುದು ಗೊತ್ತು, ತಡೆಯುವುದು ಗೊತ್ತಿಲ್ಲ ಎಂಬ ತತ್ವ ಅಂದು ನನಗೆ ಹೊಳೆಯಿತು. ಬಡಿಗೇರನನ್ನು ಕೇಳಿದರೆ, ಎರಡು ಡಬ್ಬಿಯ ನಡುವೆ ಒಂದು ಕಟ್ಟಿಗೆಯ ಪಟ್ಟಿ ಇಟ್ಟು ಎರಡೂ ಕಡೆ ಮೊಳೆ ಬಡಿಯಲು ಹೇಳಿದ. ಯುದ್ಧದ ದೆಸೆಯಿಂದ ಮೊಳೆಗೆ ಬರ. ಹಳೆಯ ಬಾಗಿಲಿನಿಂದ ಕಿತ್ತು ತಂದು ಬಡಿದೆವು. ಈಗ ಗುದ್ದಾಟ ನಿಂತಿತು. ಆದರೆ ಇಡೀ ರೈಲು ಒಂದೇ ತೊಲೆಯಾಗಿ, ತಿರುವಿನಲ್ಲಿ ತಿರುಗಲು ಒಪ್ಪದೆ, ಓಣಿಯಲ್ಲಿ ಸಿಕ್ಕ ಮೇವಿನ ಚಕ್ಕಡಿಯ ಹಾಗೆ ಹಟ ಮಾಡಿ, ಕೊನೆಗೆ ಮಗ್ಗುಲಾಗಿ ಮಲಗಿತು. ಎಳ್ಳುಂಡಿಗಳು ಬಚ್ಚಲಿನ ತನಕ ಹೋದವು. ನೀಲಾ ಅವನ್ನು ಒಂದೊಂದಾಗಿ ಆರಿಸಿ ತಂದಳು. ಬೈದಿದ್ದರೆ ನಾನು ಅರ್ಧ ಹಗುರಾಗುತ್ತಿದ್ದೆ.

ಮೂರನೆಯದಾಗಿ ಪತ್ತಾರನ ಹತ್ತಿರ ಹೋಗಿ, ಮೂಗುತಿ ಮಾಡುವಷ್ಟೇ ನಾಜೂಕಾಗಿ ಹಿತ್ತಾಳೆಯ ಕೊಂಡಿ, ಉಂಗುರ ಮಾಡಿಸಿದೆ. ನೋಡಲು ಬಹಳ ಚೆಂದ. ಆದರೆ ಕಿನ್ನಾಳದ ಗಾಲಿ ಸಣ್ಣವು, ಬಡಿಗೇರನ ಗಾಲಿ ದೊಡ್ಡವು. ಆದ್ದರಿಂದ ಕೊಂಡಿ ಒಂದು ಬೆರಳು ಮೇಲೆ, ಉಂಗುರ ಒಂದು ಬೆರಳು ಕೆಳಗೆ. ನೆಲದಲ್ಲಿ ಒಂದು ಸಣ್ಣ ಉಬ್ಬು ಬಂದರೂ ಸಾಕು, ಕೊಂಡಿ ಹಾರಿ ಹೊರಗೆ ಬರುತ್ತಿತ್ತು. ಮುಂದಿನ ನಾಲ್ಕು ಹೋಗುತ್ತಿದ್ದವು, ಹಿಂದಿನ ನಾಲ್ಕು ಅಲ್ಲೇ ನಿಂತು ನಮ್ಮ ಮುಖ ನೋಡುತ್ತಿದ್ದವು. ಬೀಗರ ಮುಂದೆ ಹೀಗೆ ನಡುವೆ ಹರಿದರೆ ಜನ ಅದನ್ನು ರೈಲಿನ ತಪ್ಪು ಅನ್ನುವುದಿಲ್ಲ, ಶಕುನ ಅನ್ನುತ್ತಾರೆ ಎಂದು ಪಾರ್ವತಿ ಮೆಲ್ಲಗೆ ಹೇಳಿದಳು. ಅವಳು ಮೆಲ್ಲಗೆ ಹೇಳಿದ ಮಾತು ಯಾವಾಗಲೂ ನಿಜವಾಗಿರುತ್ತದೆ.

ಕೊನೆಗೆ ಒಂದು ರಜೆಯ ದಿನ, ನಿಜವಾದ ರೈಲಿನವರು ಏನು ಮಾಡುತ್ತಾರೆಂದು ನೋಡಲು ಕೊಪ್ಪಳಕ್ಕೆ ಹೋದೆ. ಅಲ್ಲಿ ಬೀಗರ ಕಣ್ಣಿಗೆ ಬೀಳಬಾರದು; ರುಖವತದ ಗುಟ್ಟು ಮದುವೆಗೆ ಮೊದಲು ಹೊರಬಿದ್ದರೆ ಸೊಗಸಿಲ್ಲ. ಠೇಶನ್ನಿನ ಆಚೆಯ ಹಳಿಯಲ್ಲಿ ಮಾಲಗಾಡಿಯ ಡಬ್ಬಿಗಳು ನಿಂತಿದ್ದವು. ಎರಡರ ನಡುವೆ ಬಗ್ಗಿ, ಧೋತರ ಎತ್ತಿ ಕಟ್ಟಿ, ಗೇಣು ಹಾಕಿ ಅಳೆಯತೊಡಗಿದೆ. ಸರಪಳಿಯ ಮೂರನೆಯ ಕೊಂಡಿಗೆ ಬಂದಿದ್ದೆ.

"ಮಾಸ್ತರ್ರ, ಮೊದಲ ಹೊರಗ ಬರ್ರಿ. ಆಮ್ಯಾಲೆ ಮಾತಾಡೂಣು," ಎಂದು ತಲೆಯ ಮೇಲೆ ಧ್ವನಿ ಕೇಳಿತು.

ಈರಪ್ಪನವರು ನಿಂತಿದ್ದರು. ನಾನು ಎಣ್ಣೆಯ ಕೈ ಒರೆಸಿಕೊಳ್ಳುತ್ತ, ಸಾಲೆಯಲ್ಲಿ ಹುಡುಗರಿಗೆ ರೈಲಿನ ಪಾಠ ಬಂದಿದೆ, ಅದಕ್ಕೇ ಬಂದೆ ಎಂದೆ. ಅವರು ನಂಬಿದರೋ ಬಿಟ್ಟರೋ ದೇವರಿಗೇ ಗೊತ್ತು. ನೆರಳಿಗೆ ಕರೆದುಕೊಂಡು ಹೋಗಿ, ಚಹಾ ತರಿಸಿ, ನಿಶ್ಚಯದ ದಿನ ಆಡದೆ ಉಳಿಸಿಕೊಂಡಿದ್ದ ಮಾತನ್ನೆಲ್ಲ ಅಂದು ಆಡಿದರು.

"ಬಿಗಿ ಕಟ್ಟಿದ್ರ ಎಂಜಿನ್ನ ಎಲ್ಲಾ ಡಬ್ಬಿ ಒಮ್ಮೆಗೇ ಎಳೀಬೇಕಾಗತೈತ್ರಿ, ಏಳೂದಿಲ್ಲ. ಸಡಲ ಇತ್ತಂದ್ರ ಮೊದಲ ಒಂದನ್ನ ಎಬ್ಬಸತೈತಿ, ಅದು ಎದ್ದ ಮ್ಯಾಲೆ ಮತ್ತೊಂದು. ಮನಿಯಾಗ ಮಂದೀನ ಎಬ್ಬಸೂದೂ ಹಂಗ ಅಲ್ಲೇನ್ರಿ?"

ಚಹಾದ ಬಟ್ಟಲು ಹಿಡಿದ ಅವರ ಎಡಗೈಯಲ್ಲಿ ತೋರುಬೆರಳು ಅರ್ಧವೇ ಇತ್ತು. ಕೂಡಿಸುವಾಗ ಹೋಯಿತೇ ಎಂದು ಕೇಳಿದೆ. ಬಿಡಿಸುವಾಗ ಎಂದರು. ಮೋಟಾರು ಹತ್ತಿಸುವಾಗ, ನೀಲವ್ವ ಆರಾಮ ಅದಾಳೇನು ಎಂದು ಕೇಳಿದರು. ಎರಡು ತಾಸಿನಲ್ಲಿ ನಾಲ್ಕು ಮಾತಾಡಿದವರ ಬಗ್ಗೆ ನಾನು ಏನೇನೋ ಎಣಿಸಿದ್ದೆನಲ್ಲ ಎಂದು ದಾರಿಯುದ್ದಕ್ಕೂ ನಾಚಿಕೆಯಾಯಿತು.

ಊರಿಗೆ ಬಂದು ಎಲ್ಲವನ್ನೂ ಅವರು ಹೇಳಿದಂತೆ, ಅಲ್ಲಿ ನೋಡಿದಂತೆ ಮಾಡಿದೆ. ಗಾಲಿಗಳನ್ನು ಒಂದೇ ಅಳತೆಗೆ ಕೆತ್ತಿಸಿದೆ. ಎರಡು ಡಬ್ಬಿಯ ನಡುವೆ ಮೂರು ಮೂರು ಉಂಗುರದ ಸಡಿಲ ಸರಪಳಿ, ತುದಿಗೆ ಕೊಂಡಿ, ಗುದ್ದದಂತೆ ಹಿಂದೆ ಮುಂದೆ ಅರಿವೆಯ ಸಣ್ಣ ದಿಂಬು. ರೈಲು ಪಡಸಾಲೆಯಲ್ಲಿ ಮೂರು ಸುತ್ತು ತಿರುಗಿತು. ನೀಲಾ ಆ ದಿನ ನಕ್ಕಳು. ಇಲ್ಲಿಗೆ ನಾನು ಸುಮ್ಮನೆ ಕುಳಿತಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಮದುವೆಯ ಮುಂಜಾನೆ ಹಂದರದಲ್ಲಿ ಜಮಖಾನ ಹಾಸಿದ ಮೇಲೆ, ಇನ್ನೊಂದು ಸಲ ನೋಡಿಬಿಡೋಣ ಎಂದು ರೈಲನ್ನು ನಾನೊಬ್ಬನೇ ಎಳೆದೆ. ಜಮಖಾನದ ಒಂದು ಸುಕ್ಕಿನ ಮೇಲೆ ಹತ್ತಿ ಇಳಿಯುವಾಗ ನಾಲ್ಕನೆಯ ಡಬ್ಬಿಯ ಕೊಂಡಿ ಬಿಚ್ಚಿಕೊಂಡಿತು. ಬುದ್ಧಿ ಇದ್ದವನು ಜಮಖಾನದ ಸುಕ್ಕು ಬಿಡಿಸುತ್ತಿದ್ದ. ನಾನು ಕೊಂಡಿಯನ್ನೇ ಹಿಡಿದು ಕುಳಿತೆ. ಹೊರಗೆ ಬೀಗರ ಮೋಟಾರು ಬಂದ ಸದ್ದು ಕೇಳಿತು. ಕಾಲಿನ ಜೋಡು ಹೊಲಿಯುವ ಮೇಣದ ದಾರ ತಂದು, ಏಳೂ ಕಡೆ, ಸರಪಳಿಯ ಸುತ್ತ ಮೂರೆಳೆ ಹೆಣೆದು ಹೆಣೆದು, ತುದಿಗೆ ಗಂಟು ಹಾಕಿ, ಗಂಟನ್ನು ಒಳಗೆ ಸೇರಿಸಿದೆ. ಇನ್ನು ಆನೆ ಎಳೆದರೂ ಹರಿಯಬಾರದು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹೆಣೆಯುವಾಗ ನನ್ನ ಮನಸ್ಸಿನಲ್ಲಿ ರೈಲು ಇರಲಿಲ್ಲ. ಸಂಜೆಗೆ ಇವಳು ಹೋಗುತ್ತಾಳೆ ಎಂಬುದೊಂದೇ ಇತ್ತು.

ವಧೂವರರಿಗೆ ಅಕ್ಕಿಕಾಳು ಬಿದ್ದ ಮೇಲೆ ರುಖವತ ಹೊರಟಿತು. ನೀಲಾ ತಾನೇ ರೇಶಿಮೆ ಹುರಿ ಹಿಡಿದು ಎಳೆದಳು. ರೈಲು ಸುಕ್ಕು ಹತ್ತಿ ಇಳಿಯಿತು, ತಿರುವಿನಲ್ಲಿ ತುಸು ಮುಖ ಸಿಂಡರಿಸಿ ತಿರುಗಿತು, ಅತ್ತೆಯ ಮುಂದೆ ಬಂದು ನಿಂತಿತು. ಒಂದು ಉಂಡಿಯೂ ಕೆಳಗೆ ಬೀಳಲಿಲ್ಲ. ಮೂಗು ಮುರಿಯಲು ಬಂದವರು ಕಸೂತಿಯಲ್ಲಿ ಇರಬಾರದ ಗಂಟು ಹುಡುಕಲು ಹೊದಿಕೆ ತಿರುವಿ ನೋಡಿ, ಗಂಟು ಸಿಗದೆ ಮತ್ತೆ ಮುಚ್ಚಿದರು. ಹಂದರದ ಕಂಬಕ್ಕೆ ಒರಗಿ ನಾನು ದೊಡ್ಡದೊಂದು ಉಸಿರು ಬಿಟ್ಟೆ.

ಆಮೇಲೆ ಬೀಗಿತ್ತಿ ಕೊನೆಯ ಡಬ್ಬಿಯನ್ನು ಬಿಡಿಸಲು ಹೋದರು. ಬರಲಿಲ್ಲ. ಅವರ ಅಕ್ಕ ಎಳೆದರು. ಮೂವರು ಕೂಡಿ ಎಳೆದರು. ಇಡೀ ರೈಲು ಅವರ ಬೆನ್ನಹಿಂದೆ ಹೊರಟಿತು. ಡಬ್ಬಿ ಬಿಡಿಸಿ ಹಂಚಬೇಕು ಎಂಬುದು ನನಗೆ ನೆನಪಾದದ್ದು ಆಗ. ನೀಲಾಳ ಮುಖ ಬಾಡಿತು. ಈರಪ್ಪನವರು ಎದ್ದು ಬಂದು, ತಲೆಯ ಪಟಕಾ ಸರಿಮಾಡಿಕೊಂಡು, ಜಮಖಾನದ ಮೇಲೆ ಮೊಣಕಾಲೂರಿ ಕುಳಿತರು. ನಾಲ್ಕೂವರೆ ಬೆರಳಿನಿಂದ ಗಂಟನ್ನು ಮೇಲೆ ಕೆಳಗೆ ತಡವಿದರು.

"ಮಾಸ್ತರ್ರ, ಜಲಮೆಲ್ಲಾ ಡಬ್ಬಿ ಬಿಡಿಸಿದಾಂವ ನಾ," ಎಂದರು. "ಇದು ನನಗ ಆಗೂದಿಲ್ಲರಿ."

ಯಾರೋ ಅಡಿಕೆ ಕತ್ತರಿಸುವ ಅಡಕೊತ್ತು ತಂದರು. ಕೊಯ್ಯುವುದು ಬೇಡ ಎಂದು ನೀಲಾ ಕೈ ಅಡ್ಡ ಮಾಡಿದಳು. ಸೀರೆ ಸರಿಸಿ ಮಾವನ ಪಕ್ಕದಲ್ಲೇ ಕುಳಿತು, ಮದರಂಗಿಯ ಉಗುರಿನಿಂದ ಒಳಗಿನ ತುದಿ ಹುಡುಕಿ, ಒಮ್ಮೆ ಜಗ್ಗಿದಳು. ಹೆಣಿಕೆ ಸರ್ರನೆ ಬಿಚ್ಚಿತು.

"ಇದು ನಮ್ಮ ಅಣ್ಣ ಹಾಕೂ ಹೆರಳರೀ," ಎಂದಳು. "ಎಡಕ್ಕ ಜಗ್ಗಿದ್ರ ಬರತೈತಿ."

ಅವ್ವ ತೀರಿಕೊಂಡಾಗ ಅವಳಿಗೆ ಐದು ವರ್ಷ. ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ಎತ್ತಿನ ಹಗ್ಗ ಹೆಣೆಯುವವರನ್ನು ನೋಡಿ ನಾನು ಅವಳ ತಲೆ ಬಾಚಿ ಹೆರಳು ಹಾಕುವುದನ್ನು ಕಲಿತೆ. ದಿನವೂ ಮುಂಜಾನೆ, ಪಾರ್ವತಿ ನಮ್ಮ ಮನೆಗೆ ಬರುವ ತನಕ, ಹಾಕಿದೆ. ಸಂಜೆಯ ತನಕ ಬಿಚ್ಚಬಾರದೆಂದು ಬಿಗಿಯಾಗಿ ಹಾಕುತ್ತಿದ್ದೆ. ಬಹಳ ನೋಯುತ್ತಿತ್ತಂತೆ. ಅದನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ. ಅಂದು ಅತ್ತೆಗೆ ನಗುತ್ತ ಹೇಳಿದಳು.

ಒಂದೊಂದಾಗಿ ಆರು ಗಂಟು ಬಿಚ್ಚಿ ಆರು ಡಬ್ಬಿ ಹಂಚಿದಳು. ಎಂಜಿನ್ನಿಗೂ ಮೊದಲ ಡಬ್ಬಿಗೂ ನಡುವಿನದೊಂದು ಉಳಿಯಿತು. ಆಗ ಕೈ ತೆಗೆದು, ನನ್ನ ಕಡೆ ನೋಡಿ ಹೇಳಿದಳು:

"ಅಣ್ಣಾ, ಇದೊಂದು ನೀ ಬಿಚ್ಚು."

ಹೋಗಿ ಕುಳಿತೆ. ಎಡ ಯಾವುದು, ಬಲ ಯಾವುದು ತಿಳಿಯಲಿಲ್ಲ. ಜಗ್ಗಿದಷ್ಟೂ ಗಂಟು ಬಿಗಿಯಾಗುತ್ತ ಹೋಯಿತು. ಎಲ್ಲಿಂದ ಬಿಚ್ಚಬೇಕು? ಕಟ್ಟುವುದಷ್ಟೇ ನನ್ನ ಕೆಲಸವಾಗಿತ್ತು. ಬಿಚ್ಚುವುದನ್ನು ದಿನವೂ ಸಂಜೆ ಅವಳೇ ಮಾಡಿಕೊಳ್ಳುತ್ತಿದ್ದಳು. ಬಹಳ ಹೊತ್ತಿನ ಮೇಲೆ ಬೀಗಿತ್ತಿ, ಇರಲಿ ಬಿಡ್ರಿ, ನನ್ನ ಪಾಲಿನ ಡಬ್ಬಿ ಎಂಜಿನ್ನಿನ ಸಂಗಾಟ ಹಂಗ ಬರಲಿ ಎಂದರು. ಈರಪ್ಪನವರು ನನ್ನ ಭುಜದ ಮೇಲೆ ಕೈಯಿಟ್ಟು, ಕಣ್ಣಿಗೆ ಏನಾಯಿತು ಮಾಸ್ತರ್ರ ಎಂದು ಕೇಳಿದರು. ಎಂಜಿನ್ನಿನ ಹೊಗೆ ಕಣ್ಣಲ್ಲಿ ಹೋಯಿತು ಎಂದೆ. ಕಿನ್ನಾಳದ ಕಟ್ಟಿಗೆಯ ಎಂಜಿನ್ನು ಅದು. ಆದರೂ ಆ ದೊಡ್ಡ ಮನುಷ್ಯರು, ರೈಲಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು, ಹೌದ್ರಿ, ಹೊಸ ಎಂಜಿನ್ನು ಸ್ವಲ್ಪ ಹೊಗೆ ಜಾಸ್ತಿನ ಬಿಡತೈತಿ ಎಂದು ತಮ್ಮ ಕಣ್ಣನ್ನೂ ಒರೆಸಿಕೊಂಡರು.