ಹೊಟ್ಟೆಗೊಂದು ಉಂಗುರ

ಹಸಿವು ಬೇರೆ, ತಿನ್ನುವ ಆಸೆ ಬೇರೆ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಎರಡೂ ಒಂದೇ ಹೊತ್ತಿಗೆ ಬಂದು ಒಂದೇ ತಟ್ಟೆಗೆ ಕೈ ಹಾಕುವುದರಿಂದ ಯಾವ ತುತ್ತು ಯಾರದೆಂದು ಹೇಳುವುದು ಕಷ್ಟ. ನನಗಂತೂ ಐವತ್ತು ದಾಟುವವರೆಗೆ ಈ ವ್ಯತ್ಯಾಸ ತಿಳಿದಿರಲಿಲ್ಲ. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ನನ್ನ ಜಠರದ ಮೇಲ್ತುದಿಗೆ ರಬ್ಬರಿನಂಥ ಮೆತ್ತನೆಯ ಪಟ್ಟಿಯೊಂದನ್ನು ಬಿಗಿದು ಕಳಿಸಿದ ಮೇಲೆ, ಹಸಿವು ನಾಲ್ಕು ತುತ್ತಿಗೇ ಸಾಕೆಂದು ಎದ್ದು ಹೋಗತೊಡಗಿತು. ಆಸೆ ಮಾತ್ರ ತಟ್ಟೆಯ ಮುಂದೆ ಹಾಗೆಯೇ ಕುಳಿತಿರುತ್ತಿತ್ತು. ಅದಕ್ಕೇನೂ ಆಪರೇಷನ್ ಆಗಿರಲಿಲ್ಲವಲ್ಲ.

ನಾನು ಶಹಾಪುರದ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳುವ ಮಾಸ್ತರ. ನನ್ನ ಗಾತ್ರ ಎಷ್ಟಿತ್ತೆಂದರೆ, ಗೋಡೆಯ ಮೇಲಿನ ಭಾರತದ ನಕ್ಷೆಯಲ್ಲಿ ಕನ್ಯಾಕುಮಾರಿ ತೋರಿಸಲು ನಿಂತರೆ ಹಿಂದಿನ ಬೆಂಚಿನವರಿಗೆ ವಿಂಧ್ಯದ ಕೆಳಗೆ ಏನೂ ಕಾಣುತ್ತಿರಲಿಲ್ಲ. ಮೊಣಕಾಲು ನೋಯುತ್ತಿತ್ತು, ಸಕ್ಕರೆ ಕಾಯಿಲೆ ಬಂದಿತ್ತು. ಆದರೂ ಯಾದಗಿರಿಯ ಡಾಕ್ಟರು ಬೈದಾಗಲೆಲ್ಲ ನಾನು ನಗುತ್ತಲೇ ಹೊರಬಂದು, ಅಲ್ಲೇ ಎದುರಿಗಿದ್ದ ಗಾಡಿಯಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದು ಬಸ್ಸು ಹತ್ತುತ್ತಿದ್ದೆ. ಒಂದು ಭಾನುವಾರ ಊಟ ಮಾಡಿ ಮಲಗಿ ಎದ್ದಾಗ ನನ್ನ ಹೆಂಡತಿ ಶಾಂತಾ ಮಂಚದ ಬದಿಗೆ ಅಳುತ್ತಾ ಕುಳಿತಿದ್ದಳು.

"ನಿದ್ದ್ಯಾಗ ನಿಮ್ಮ ಉಸಿರು ನಿಂತು ನಿಂತು ಬರ್ತದ್ರೀ. ನಿಂತಾಗ ನಾ ಏನ್ ಮಾಡ್ಲಿ?" ಎಂದಳು.

"ಮುಂದಿಂದು ಬರತನಕ ಕಾಯಿ," ಎಂದು ನಾನು ನಗೆಯಾಡಿದೆ. ಅವಳು ನಗಲಿಲ್ಲ. ಆಪರೇಷನ್ನಿಗೆ ಒಪ್ಪಿಕೊಂಡದ್ದು ಅವತ್ತೇ.

ಹೈದರಾಬಾದಿನ ಡಾಕ್ಟರು ಚಿತ್ರ ಬರೆದು ವಿವರಿಸಿದ್ದರು. ಪಟ್ಟಿಯ ಮೇಲ್ಗಡೆ ಒಂದು ಪುಟ್ಟ ಚೀಲದಷ್ಟು ಜಾಗ ಉಳಿಯುತ್ತದೆ. ಅದು ಬೇಗ ತುಂಬುತ್ತದೆ, ನಿಧಾನವಾಗಿ ಇಳಿಯುತ್ತದೆ. ಚರ್ಮದ ಅಡಿಯಲ್ಲಿ ಗುಂಡಿಯಂಥದೊಂದು ಇರುತ್ತದೆ. ಅದಕ್ಕೆ ಸೂಜಿ ಚುಚ್ಚಿ ಉಪ್ಪುನೀರು ಬಿಟ್ಟರೆ ಪಟ್ಟಿ ಬಿಗಿಯಾಗುತ್ತದೆ, ತೆಗೆದರೆ ಸಡಿಲ. ತುತ್ತು ಬಾಯಿಯಲ್ಲೇ ಅಂಬಲಿಯಾಗುವಷ್ಟು ಅಗಿಯಬೇಕು. ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಗಣಿತದ ಮಾಸ್ತರರು ನನ್ನ ಸೊಂಟವನ್ನೇ ನೋಡುತ್ತಾ, "ಒಳಗ ಬೆಲ್ಟ್ ಹಾಕ್ಯಾರಂತೀರಿ, ಮತ್ತ ಹೊರಗೂ ಯಾಕ ಹಾಕ್ಕೊಂಡೀರಿ ಸರ್?" ಎಂದು ಕೇಳಿದರು. ಒಳಗಿನದರಿಂದ ನಾನು ಇಳಿಯುತ್ತಿದ್ದೆ, ಹೊರಗಿನದಿಲ್ಲದಿದ್ದರೆ ಪ್ಯಾಂಟು ಇಳಿಯುತ್ತಿತ್ತು.

ಮೊದಲ ಕೆಲವು ವಾರ ಬೇಳೆಯ ತಿಳಿ, ಮಜ್ಜಿಗೆ, ಗಂಜಿ. ಆ ದಿನಗಳು ನನಗೆ ಮಂಜಿನೊಳಗಿಂದ ನೋಡಿದಂತೆ ನೆನಪಿವೆ. ಮಧ್ಯಾಹ್ನ ಸ್ಟಾಫ್ ರೂಮಿನ ಕಿಟಕಿಯ ಬಳಿ ಕುಳಿತರೆ ಬುದ್ಧ ಮಲಗಿದಂತೆ ಕಾಣುವ ನಮ್ಮೂರ ಬೆಟ್ಟ ಬಿಸಿಲಿನಲ್ಲಿ ತಣ್ಣಗೆ ಮಲಗಿರುತ್ತಿತ್ತು. ಅದನ್ನೇ ನೋಡುತ್ತಾ ನೋಡುತ್ತಾ ನನಗೂ ಕಣ್ಣು ಕೂಡುತ್ತಿತ್ತು. ಆಗ ಎಲ್ಲೋ ದೂರದಲ್ಲಿ ರೊಟ್ಟಿ ಬಡಿಯುವ ಸದ್ದು. ಕನಸಿನಲ್ಲಿ ಬಿಳಿ ಜೋಳದ ರೊಟ್ಟಿಗಳು ಹಂಚಿನ ಮೇಲೆ ಉಬ್ಬಿ, ಹಂಚು ಬಿಟ್ಟು ಮೆಲ್ಲಗೆ ಮೇಲೆದ್ದು, ಒಂದರ ಹಿಂದೊಂದು ಕಿಟಕಿಯಿಂದ ಹೊರಗೆ ತೇಲಿ ಬೆಟ್ಟದ ಕಡೆಗೆ ಹೋಗುತ್ತಿದ್ದವು. ಹಿಂದೆ ಪುಂಡಿಪಲ್ಯದ ಬೋಗುಣಿ. ನಾನು ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದೆ. ಆಶ್ಚರ್ಯವೆಂದರೆ, ಕನಸಿನಲ್ಲೂ ನಾನು ಒಂದನ್ನೂ ಹಿಡಿದು ತಿನ್ನಲಿಲ್ಲ. ಪಟ್ಟಿ ಅಲ್ಲಿಗೂ ತಲುಪಿತ್ತೆಂದು ಕಾಣುತ್ತದೆ. ಬೆಲ್ಲಿನ ಸದ್ದಿಗೆ ಎಚ್ಚರವಾದರೆ ಬಾಯಿಯೆಲ್ಲ ನೀರು, ಎದುರಿಗೆ ಒಂದು ಲೋಟ ಮಜ್ಜಿಗೆ.

ಇದನ್ನೆಲ್ಲ ಸುರಪುರದ ನನ್ನ ಅಕ್ಕನಿಗೆ ನಾವು ಹೇಳಿರಲಿಲ್ಲ. ಅವ್ವ ಬೇಗ ತೀರಿಕೊಂಡದ್ದರಿಂದ ನನ್ನನ್ನು ಉಣಿಸಿ ಬೆಳೆಸಿದವಳು ಅವಳೇ. ಚಾಕುವಿನ ಹೆಸರು ಕೇಳಿದರೆ ಸಾಕು, ಅನ್ನ ನೀರು ಬಿಟ್ಟು ಕುಳಿತುಬಿಡುತ್ತಾಳೆ. ಅದಕ್ಕೆ, ನಾನು ಹೈದರಾಬಾದಿಗೆ ಟ್ರೇನಿಂಗಿಗೆ ಹೋಗಿದ್ದೇನೆಂದು ಶಾಂತಾ ಫೋನಿನಲ್ಲಿ ಹೇಳಿದ್ದಳು. ಹೀಗಿರುವಾಗ ಅಕ್ಕನ ಮಗಳು ರೇಣುಕಾಳ ಕುಬಸ ಬಂತು. ಚೊಚ್ಚಲ ಬಸುರಿಗೆ ಹೊಸ ಸೀರೆ ಕುಬಸ ತೊಡಿಸಿ ಮಾಡುವ ಊಟ, ಸೋದರಮಾವ ಹೋಗದಿದ್ದರೆ ಹೇಗೆ? ಹೋದೆವು. ಅಕ್ಕ ಬಾಗಿಲಲ್ಲೇ ನನ್ನನ್ನು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಎಷ್ಟ್ ಸೊರಗೀದೋ ಯಪ್ಪಾ! ತಬಿಯತ್ ಆರಾಮ್ ಐತಿಲ್ಲೋ?"

"ಆರಾಮ್ ಅದೀನಕ್ಕ. ವಾಕಿಂಗ್ ಮಾಡಾಕತ್ತೀನಿ," ಎಂದೆ.

ಪಡಸಾಲೆಯಲ್ಲಿ ಪಂಕ್ತಿ ಕುಳಿತಿತು. ಅಕ್ಕ ಬೇರೆಯವರ ಕೈಗೆ ಹೋಳಿಗೆಯ ಬುಟ್ಟಿ ಕೊಡದೆ ತಾನೇ ನನ್ನ ಮುಂದೆ ಬಂದು ನಿಂತಳು. ಹೋಳಿಗೆಯ ಮೇಲೆ ತುಪ್ಪ ನಿಧಾನವಾಗಿ ಹರಡುತ್ತಿತ್ತು. ಅದರ ವಾಸನೆಗೆ ನನಗೆ ಡಾಕ್ಟರ ಮುಖ ಮರೆತೇ ಹೋಯಿತು. ಒಂದು ದೊಡ್ಡ ತುಂಡು ಮುರಿದು, ಅಗಿದೆನೋ ಇಲ್ಲವೋ, ನುಂಗಿದೆ. ಅದು ಎದೆಯ ನಡುವೆ ಹೋಗಿ ನಿಂತುಕೊಂಡಿತು. ಮೇಲೆ ಬಾರದು, ಕೆಳಗೆ ಇಳಿಯದು. ಬಾಯಲ್ಲಿ ಜೊಲ್ಲು ತುಂಬಿತು, ಕಣ್ಣಲ್ಲಿ ನೀರು ಧಾರಾಕಾರವಾಗಿ ಸುರಿಯಿತು. ಮಾತಾಡಲಾಗದೆ ಎಲ್ಲರಿಗೂ ಕೈಮುಗಿದು ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಓಡಿದೆ. ಪಂಕ್ತಿಯಲ್ಲಿ ಕೊನೆಗೆ ಏಳುವವನೆಂದು ಇಡೀ ಬಳಗದಲ್ಲಿ ಹೆಸರಾಗಿದ್ದ ಮನುಷ್ಯ ನಾನು.

ಹಿತ್ತಲಲ್ಲಿ ಎಲ್ಲ ಹೊರಗೆ ಬಂದು ಸಮಾಧಾನವಾಗಿ, ಮುಖ ತೊಳೆದು ಒಳಗೆ ಬಂದರೆ ಪಂಕ್ತಿಯವರೆಲ್ಲ ಉಣ್ಣುವುದನ್ನು ಬಿಟ್ಟು ಅಡುಗೆಮನೆಯ ಕಡೆ ನೋಡುತ್ತಿದ್ದರು. ಅಕ್ಕ ಅಡುಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಶಾಂತಾ ಪಕ್ಕದಲ್ಲಿ ಏನು ಮಾಡುವುದೆಂದು ತಿಳಿಯದೆ ನಿಂತಿದ್ದಳು.

"ಅಕ್ಕಾ, ಯಾಕ ಹಿಂಗ ಕುಂತಿ?"

"ನಿನ್ನ ಸಿಟ್ಟು ಇನ್ನಾ ಇಳದಿಲ್ಲ, ತಮ್ಮಾ," ಎಂದಳು ಅಕ್ಕ ತಿರುಗದೆಯೇ. "'ರೇಣುಕಾನ ಲಗ್ನ ಅಕ್ಕ ನನ್ನ ಕೇಳದ ಮಾಡ್ಯಾಳ' ಅಂತ ಮಂದಿ ಮುಂದ ಅಂದಿಯಂತ. ಆ ಕೊರಗಿಗೇ ಹಿಂಗ ಸೊರಗೀದಿ. ಇವತ್ತ ನನ್ನ ಮನ್ಯಾಗ ಅಳ್ಕೋತ ತಾಟ್ ಬಿಟ್ಟು ಎದ್ದಿ. ನೀ ಉಣದ ನಾ ಹ್ಯಾಂಗ ಉಣ್ಲಿ?"

ಆ ಮಾತು ನಾನು ಆಡಿದ್ದು ನಿಜ. ಒಬ್ಬಳೇ ಸೋದರಸೊಸೆಯ ಮದುವೆ ಗೊತ್ತು ಮಾಡುವಾಗ ನನ್ನನ್ನೊಂದು ಮಾತು ಕೇಳಲಿಲ್ಲವೆಂಬ ನೋವು ಮದುವೆಯುದ್ದಕ್ಕೂ ಇತ್ತು. ಆದರೆ ಮದುವೆಯ ಊಟ ಅಷ್ಟು ಚೆನ್ನಾಗಿತ್ತಲ್ಲ, ಅದರ ಅಡಿಯಲ್ಲಿ ಎಲ್ಲೋ ಹೂತುಹೋಗಿತ್ತು. ಈಗ ಅದಕ್ಕಿಂತ ಮೊದಲು ಹೇಳಬೇಕಾದದ್ದು ಬೇರೆ ಇತ್ತು.

"ಸಿಟ್ಟಲ್ಲಕ್ಕ. ಆಪರೇಷನ್ ಆಗ್ಯಾದ. ಹೊಟ್ಟಿಗಿ ಒಂದು ಪಟ್ಟಿ ಹಾಕ್ಸ್ಕೊಂಡೀನಿ, ಒಳಗ. ಉಂಗುರ ಇದ್ದಂಗ."

ಅಕ್ಕ ಥಟ್ಟನೆ ತಿರುಗಿದಳು. "ಉಂಗುರಾ? ಬಂಗಾರದ್ದೇನೋ?"

"ಇಲ್ಲ, ರಬ್ಬರಿನಂಥಾದ್ದು."

"ಹೈದರಾಬಾದಿಗಿ ಹೋಗಿ ರಬ್ಬರ್ ಹಾಕ್ಸ್ಕೊಂಡ್ ಬಂದೀಯೇನೋ, ಹುಚ್ಚಪ್ಪಾ!"

ಎಲ್ಲವನ್ನೂ ಹೇಳಿದೆ. ಉಸಿರು ನಿಲ್ಲುತ್ತಿದ್ದದ್ದನ್ನು ಶಾಂತಾ ಹೇಳಿದಳು. ಅಕ್ಕ ಅಂಗಿಯ ಮೇಲಿನಿಂದಲೇ ಚರ್ಮದಡಿಯ ಆ ಗುಂಡಿಯನ್ನು ಮುಟ್ಟಿ ನೋಡಿ, ಬಿಗಿ ಮಾಡುವುದೂ ಸಡಿಲ ಮಾಡುವುದೂ ಇದರಿಂದಲೇ ಎಂದು ತಿಳಿದ ಕೂಡಲೇ, "ಹಂಗಾರ ಇವತ್ತೊಂದಿನ ಸಡಿಲ ಮಾಡ್ಕೊಂಡು ಉಣ್ಣು. ಆಮ್ಯಾಲ ಬಿಗಿ ಮಾಡ್ಕೊಳ್ಳುವಂತಿ," ಎಂದಳು. ನಂತರ ಶಾಂತಾಳ ಮೇಲೆ ತಿರುಗಿಬಿದ್ದಳು. "ನೀನರ ಹೇಳಬಾರದೇನವಾ?"

"ನೀವು ಅಳ್ತೀರಂತ ಹೇಳಲಿಲ್ರಿ, ಅಕ್ಕಾರ."

"ಈಗೇನ್ ನಗಾಕತ್ತೀನೇನು?" ಎಂದಳು ಅಕ್ಕ, ಮತ್ತು ನಿಜವಾಗಿಯೂ ನಕ್ಕುಬಿಟ್ಟಳು.

ಬಂದವರೆಲ್ಲ ಉಂಡೆದ್ದ ಮೇಲೆ ಅಕ್ಕ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡಳು. ನನಗೊಂದು ಪುಟ್ಟ ಬಟ್ಟಲಲ್ಲಿ ಜೋಳದ ನುಚ್ಚು ಮಜ್ಜಿಗೆ, ಅವಳಿಗೊಂದು ತಾಟು. ಮೇಲಿನ ಬೆಳಕಿಂಡಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ಬೆಕ್ಕಿನ ಹಾಗೆ ಮಲಗಿತ್ತು. ನಾನು ಉಗುರಿನಷ್ಟು ನುಚ್ಚು ಬಾಯಿಗಿಟ್ಟು ಅಗಿಯುತ್ತಾ ಕುಳಿತೆ. ಬಟ್ಟಲು ಮುಗಿಯುವ ಹೊತ್ತಿಗೆ ಬಿಸಿಲು ಗೋಡೆ ಹತ್ತಿತ್ತು. ಅಷ್ಟು ಹೊತ್ತು ಮಾಡಲು ಬೇರೆ ಕೆಲಸವಿಲ್ಲದೆ ಅಕ್ಕ ಉಣ್ಣುವುದನ್ನು ನೋಡಿದೆ. ಹುಟ್ಟಿದಾಗಿನಿಂದ ಅವಳು ನನಗೆ ಬಡಿಸಿದ್ದಾಳೆ, ಅವಳು ಉಣ್ಣುವುದನ್ನು ನಾನು ನೋಡಿದ್ದೇ ಇಲ್ಲ ಎನಿಸಿತು. ರೊಟ್ಟಿಯ ಅಂಚನ್ನು ಮೊದಲು ಮುರಿದು ಪಕ್ಕಕ್ಕಿಡುತ್ತಾಳೆ. ಶೇಂಗಾ ಹಿಂಡಿಗೆ ಮೊಸರು ಕಲೆಸಿ, ಬೆರಳಿನಿಂದ ಚಿತ್ತಾರ ಬರೆಯುವವಳಂತೆ ತಿರುವುತ್ತಾಳೆ. ಹೋಳಿಗೆಯನ್ನು ಮುಟ್ಟಲೇ ಇಲ್ಲ.

"ಹೋಳಿಗಿ ಒಲ್ಲೇನಕ್ಕ?"

"ನನಗ ಮೊದಲಿಂದ ಸೇರಂಗಿಲ್ಲೋ. ನಿನಗ ಸೇರ್ತದಂತ ಮಾಡ್ತೀನಿ."

ನಾನು ಇನ್ನಷ್ಟು ಅಗಿದೆ. ಆಮೇಲೆ, ನುಂಗಿ ಮರೆಯುವ ಸೌಕರ್ಯ ಈಗ ಇಲ್ಲವಾದ್ದರಿಂದ, ಹೇಳಿಯೇ ಬಿಟ್ಟೆ. "ಅಕ್ಕಾ, ಸಿಟ್ಟಿಲ್ಲ ಅಂದೆ ಖರೆ. ಜರಾ ಇತ್ತು. ನನ್ನೊಂದ್ ಮಾತ್ ಕೇಳಬೇಕಾಗಿತ್ತು ನೀನು."

ಅಕ್ಕ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟು ನನ್ನನ್ನು ನೋಡಿದಳು.

"ಕೇಳಿದ್ನಲ್ಲೋ! ಇಲ್ಲೇ ಕುಂತಿದ್ದಿ, ಎಣಗಾಯಿ ಮಾಡಿದ್ದೆ. ಹುಡುಗ ಕೊಡೇಕಲ್ಲದಾಂವ, ಸೈದಾಪುರ ಕಡಿ ಫ್ಯಾಕ್ಟ್ರ್ಯಾಗ ಕೆಲಸಕ್ಕದಾನ, ಸಂಬಂಧ ಹ್ಯಾಂಗ ಅನಸ್ತದೋ ತಮ್ಮಾ ಅಂತ ಕೇಳಿದೆ. ನೀ ಕಣ್ ಮುಚ್ಚಿ ತಲಿ ಹಾಕಿ, 'ಭಾಳ ಛಲೋ ಅದಕ್ಕ, ಇನ್ನೊಂದ್ ಸ್ವಲ್ಪ ಇರಲಿ' ಅಂದಿ. ಸ್ವಲ್ಪ ದಿನ ತಡೀಲಿ ಅನ್ನಾಕತ್ತಿ ಅಂತ ತಿಳಕೊಂಡು, ಬೀಗರ ಕಾಲು ಹಿಡದು ಲಗ್ನಾ ಮುಂದಕ್ ಹಾಕ್ಸಿದೆ!"

ನಾನು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಹುಡುಗನ ಸುದ್ದಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಬದನೆಕಾಯಿ ಮಾತ್ರ ಸ್ಪಷ್ಟವಾಗಿ ನೆನಪಿತ್ತು. ಎಳೆಯದು, ಒಳಗೆ ಎಳ್ಳು ಶೇಂಗಾ ತುಂಬಿದ್ದು, ಎಣ್ಣೆಯಲ್ಲಿ ಹದವಾಗಿ ಬೆಂದದ್ದು. ಅದನ್ನು ನಾನು ಹೊಗಳಿದ್ದು, ಇನ್ನೊಂದಿಷ್ಟು ಬೇಕೆಂದದ್ದು ಎರಡೂ ನೆನಪಿತ್ತು. ಹೊರಗೆ ರೇಣುಕಾ ಗೆಳತಿಯರೊಂದಿಗೆ ನಗುತ್ತಿದ್ದಳು. ಅವಳ ಮದುವೆ ತಡವಾದದ್ದು ಒಂದು ಬದನೆಕಾಯಿಯ ದೆಸೆಯಿಂದ ಎಂದು ಅವಳಿಗೆ ಇನ್ನೂ ಯಾರೂ ಹೇಳಿಲ್ಲ.

ಹೊರಡುವಾಗ ಅಕ್ಕ ಶಾಂತಾಳನ್ನು ಬದಿಗೆ ಕರೆದು, ನೀರಿನಂಥದು ಸಲೀಸಾಗಿ ಇಳಿಯುತ್ತದೆಯೇ ಎಂದು ಕೇಳಿದಳಂತೆ. ಇಳಿಯುತ್ತದೆ ಎಂದು ಇವಳು ಹೇಳಿದಳಂತೆ. ಮುಂದಿನ ವಾರದಿಂದ ಸುರಪುರದ ಬಸ್ಸಿನಲ್ಲಿ ಒಂದು ಸ್ಟೀಲ್ ಡಬ್ಬಿ ಬರತೊಡಗಿತು. ಹೋಳಿಗೆಯ ಹೂರಣವನ್ನು ನುಣ್ಣಗೆ ಅರೆದು, ಹಾಲು, ತುಪ್ಪ, ಏಲಕ್ಕಿ ಸೇರಿಸಿ ತೆಳ್ಳಗೆ ಮಾಡಿದ್ದು. ಪಟ್ಟಿಯ ಗೊಡವೆಯೇ ಇಲ್ಲದೆ ಗಂಟಲಿನಿಂದ ಕೆಳಗೆ ಜಾರುತ್ತದೆ. ಶಾಂತಾ ಡಬ್ಬಿ ಬಚ್ಚಿಡುತ್ತಾಳೆ, ನಾನು ಹುಡುಕುತ್ತೇನೆ. ಅದನ್ನು ಕುಡಿದ ಮಧ್ಯಾಹ್ನ ನನಗೆ ಯಾವ ಕನಸೂ ಬೀಳುವುದಿಲ್ಲ.

ಮೊನ್ನೆ ಹೈದರಾಬಾದಿಗೆ ತಪಾಸಣೆಗೆ ಹೋಗಿದ್ದೆವು. ಉಸಿರಾಟ ಸರಿಹೋಗಿದೆ, ಮೊಣಕಾಲಿಗೂ ಆರಾಮ. ಆದರೆ ಚೆನ್ನಾಗಿ ಇಳಿಯುತ್ತಿದ್ದ ತೂಕ ಇದ್ದಕ್ಕಿದ್ದಂತೆ ನಿಂತುಬಿಟ್ಟಿದ್ದು ಹೇಗೆಂದು ಡಾಕ್ಟರಿಗೆ ಅರ್ಥವಾಗಲಿಲ್ಲ. ದಿನಾ ಏನೇನು ತಿನ್ನುತ್ತೀರೆಂದು ಕೇಳಿದರು. ನುಚ್ಚು, ಬೇಳೆ, ಮೆತ್ತಗೆ ಬೇಯಿಸಿದ ಪಲ್ಯ, ಇಷ್ಟೇ ತಿನ್ನುವುದು ಎಂದೆ. ಇದರಲ್ಲಿ ಸುಳ್ಳೇನೂ ಇಲ್ಲ. ಅವರು ಕುಡಿಯುವುದನ್ನು ಕೇಳಲಿಲ್ಲ. ಶಾಂತಾ ಕಿಟಕಿಯ ಕಡೆ ತಿರುಗಿ ಕೆಮ್ಮಿದಳು. ಹಾಗಾದರೆ ಪಟ್ಟಿಯನ್ನು ಇನ್ನೊಂದಿಷ್ಟು ಬಿಗಿ ಮಾಡೋಣ ಎಂದು ಡಾಕ್ಟರು ಸೂಜಿ ಕೈಗೆತ್ತಿಕೊಂಡರು. ನಾನು ವಿಧೇಯನಾಗಿ ಮಲಗಿ, ಚಾವಣಿಯನ್ನು ನೋಡುತ್ತಾ, ಇನ್ನು ಮೇಲೆ ಹೂರಣಕ್ಕೆ ಹಾಲು ಸ್ವಲ್ಪ ಜಾಸ್ತಿ ಹಾಕು ಎಂದು ಅಕ್ಕನಿಗೆ ಫೋನ್ ಮಾಡಬೇಕು ಅಂದುಕೊಂಡೆ.