ಸಾಹುಕಾರರ ಮುಚ್ಚಿದ ಕಣ್ಣು

ಕ್ಯಾಮೆರಾ ಮುಂದೆ ಕೂತವರು ಹೆದರುತ್ತಾರೆ ಅಂತ ಲೋಕದ ನಂಬಿಕೆ. ನಿಜಕ್ಕೂ ಹೆದರುವವನು ಹಿಂದೆ ನಿಂತ ನಾನು. ದಾವಣಗೆರೆಯಲ್ಲಿ ಸ್ಟುಡಿಯೋ ಇಟ್ಟು ಮೂವತ್ತೈದು ವರ್ಷವಾಯಿತು, ಎದೆ ಧಸಕ್ಕೆನ್ನದ ವಾರವೇ ಇಲ್ಲ.

೧. ರೀಲಿನ ಕಾಲ

ಆಗ ನನಗೆ ಕಲಾತ್ಮಕ ಫೋಟೊದ ಹುಚ್ಚು. ಆನೆಕೊಂಡದ ಹತ್ತಿ ಸಾಹುಕಾರರೊಬ್ಬರನ್ನು ಹರಿಹರದ ಹೊಳೆ ದಂಡೆಗೆ ಕರೆದೊಯ್ದು, ಒಳ್ಳೆಯ ಬೆಳಕು ಬರಲೆಂದು ಎರಡು ತಾಸು ನಿಲ್ಲಿಸಿದೆ. ಬೆಳಕು ಬಂದಾಗ ರೀಲಿನಲ್ಲಿ ಉಳಿದದ್ದು ಒಂದೇ ಫೋಟೊ. ಡಾರ್ಕ್‌ರೂಮಿನಲ್ಲಿ ತೊಳೆದು ನೋಡಿದರೆ ಹೊಳೆ ಅದ್ಭುತ, ಮೋಡ ಅದ್ಭುತ, ಸಾಹುಕಾರರ ಎರಡೂ ಕಣ್ಣು ಮುಚ್ಚಿವೆ! ಅವರ ಸಿಟ್ಟು ಇಡೀ ಪೇಟೆಗೆ ಗೊತ್ತು. ಫೋಟೊ ಅವರ ಕೈಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ.

"ಏನಪಾ, ಕಣ್ಣು ಮುಚ್ಚೇತಲ್ಲ?" ಅಂದರು.

"ಇದು ಕಲೆ ರೀ. ಧ್ಯಾನದ ಭಾವ," ಅಂದೆ, ಓಡಲು ಬಾಗಿಲ ಕಡೆ ನೋಡುತ್ತ.

ಅವರು ಮೆಚ್ಚಿ ತಲೆದೂಗಿ, ಫೋಟೊ ಒಯ್ದು ಪೇಟೆಗೆಲ್ಲ ತೋರಿಸಿದರು. ಮರುವಾರ ಪೇಟೆಯ ಮೂವರು ವ್ಯಾಪಾರಿಗಳು ಬಂದು, ನಾನು ಕ್ಯಾಮೆರಾ ಎತ್ತುವ ಮೊದಲೇ ಕಣ್ಣು ಮುಚ್ಚಿ ಕೂತರು.

೨. ಕಂಪ್ಯೂಟರ್ ಕಾಲ

ಹೋದ ವರ್ಷ ಸಾಹುಕಾರರು ತೀರಿಕೊಂಡರು. ಮೊನ್ನೆ ಅವರ ಮಗ ಅದೇ ಫೋಟೊ ತಂದ. "ಪುಣ್ಯಸ್ಮರಣೆಗೆ ದೊಡ್ಡದು ಮಾಡಿ ಹಾಕ್ಬೇಕ್ರಿ. ಈಗ ಎಐ ಐತಲ್ಲ, ಅಪ್ಪಾಜಿ ಕಣ್ಣು ತೆರಸ್ರಿ."

ಹೊಸ ವಿದ್ಯೆ ಕಂಡರೆ ನನಗೆ ಭಯ. ಆದರೂ ಒಪ್ಪಿದೆ. ಕಂಪ್ಯೂಟರ್ ಮೊದಲ ಸಲ ನೀಲಿ ಕಣ್ಣು ಕೊಟ್ಟಿತು. ಎರಡನೆಯ ಸಲ ಕಣ್ಣು ಸರಿಹೋಯಿತು, ಕೊರಳಿಗೆ ಟೈ ಬಂತು. ಟೈ ತೆಗಿ ಅಂದರೆ ಧೋತರ ಹೋಗಿ ಪ್ಯಾಂಟು ಬಂತು.

೩. ಅವ್ವ ಬಂದರು

ಹೇಗೋ ಧೋತರ ವಾಪಸು ತರಿಸಿ ಪ್ರಿಂಟು ತೆಗೆದೆ. ಒಯ್ಯಲು ಸಾಹುಕಾರರ ಹೆಂಡತಿಯೇ ಬಂದರು. ಐವತ್ತು ವರ್ಷ ಜೊತೆಗೆ ಬಾಳಿದವರು, 'ಇವರು ನಮ್ಮೋರಲ್ಲ' ಅಂದುಬಿಟ್ಟರೆ ನನ್ನ ಹೆಸರು ಹೊಳೆಪಾಲು. ಕುರ್ಚಿ ಕೊಟ್ಟು, ಫೋಟೊದ ಮೇಲಿನ ಬಟ್ಟೆ ಸರಿಸಿದೆ.

ಅವ್ವ ದಡಕ್ಕನೆ ಎದ್ದರು. ತಲೆ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಒರಗಿ ನಿಂತರು.

"ಅವರಲ್ವೇನ್ರಿ ಅವ್ವಾರೆ?"

"ಅವರೇ. ಥೇಟ್ ಅವರೇ!"

ಜೀವ ಬಂದಂತಾಯಿತು. "ಮತ್ತೆ ಕೂಡ್ರಿ!"

"ಅವರು ನೋಡ್ತಿದ್ರೆ ನಾನ್ಯಾವತ್ತು ಕುರ್ಚಿ ಮ್ಯಾಲೆ ಕುಂತೀನ್ರಿ?" ಅಂದ ಅವ್ವ ಹತ್ತಿರ ಬಂದು, ಫೋಟೊಗೆ ಕೇಳಿಸದಂತೆ ಪಿಸುಗುಟ್ಟಿದರು: "ಒಂದ್ ವರ್ಷದಿಂದ ಹಳೇ ಫೋಟೊದ ಎದುರಿಗೇ ಕುರ್ಚಿ ಹಾಕ್ಕಂಡು ಚಾ ಕುಡೀತಿದ್ದೆ. ನನ್ ಮೊಣಕಾಲು ನೋವು ನೋಡಿಯಾದ್ರೂ, ಅವರ ಕಣ್ಣು ಮುಚ್ಚಿ ಕೊಡಪಾ!"